ಟುರಿಯಾಲ್ಬಾ ಹಮ್ಮಿಂಗ್‌ಬರ್ಡ್ ವಾಕ್: ಗೈಡ್‌ಗೆ ಐದಕ್ಕೆ ಐದು, ಬಾಡಿಗೆ ಬೈನಾಕ್ಯುಲರ್‌ಗೆ ಒಂದು

ಕೋಸ್ಟರಿಕಾಗೆ ಹೋಗೋರಿದ್ರೆ ಟುರಿಯಾಲ್ಬಾ ಕಡೆ ಒಂದು ಬೆಳಗ್ಗೆ ಇದಕ್ಕೇ ಅಂತ ಇಟ್ಕೊಳ್ಳಿ. ಲಾಡ್ಜ್‌ನೋರು ಗೊತ್ತುಮಾಡಿ ಕೊಟ್ಟ ಅಲ್ಲಿನೋರೇ ಆದ ಗೈಡ್ ಜೊತೆ ನಾಲ್ಕು ಗಂಟೆ ಸುತ್ತಿದ್ವಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಊರಲ್ಲಿ ದಾಸವಾಳಕ್ಕೆ ಬರೋ ಸೂರಕ್ಕೀನೇ ಹಮ್ಮಿಂಗ್‌ಬರ್ಡ್ ಅನ್ಕೊಂಡು ಬೆಳೆದೋಳು ನಾನು. ನಿಜವಾದ ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ, ಕೋಸ್ಟರಿಕಾ ಒಂದರಲ್ಲೇ ಸುಮಾರು 50 ಜಾತಿ. ಮೊದಲ ಅರ್ಧ ಗಂಟೆ ಹಕ್ಕಿ ಪುಸ್ತಕದ ಬಣ್ಣಕ್ಕೆ ತಾಳೆ ನೋಡ್ತಾ ಒಂದನ್ನೂ ಗುರುತು ಹಿಡಿಯೋಕಾಗ್ಲಿಲ್ಲ. ಗೈಡ್ ಹೇಳಿದ್ರು, ಬಣ್ಣ ನಂಬ್ಬೇಡಿ, ಆ ಮಿಂಚು ಗರಿಯ ರಚನೆ ಮೇಲೆ ಬೆಳಕು ಬಿದ್ದು ಬರೋದು, ಹಕ್ಕಿ ಚೂರು ತಿರುಗಿದ್ರೆ ಹೊಳೀತಿದ್ದ ಕತ್ತು ಕಪ್ಪಾಗ್ಬಿಡತ್ತೆ, ಮೊದ್ಲು ಕೊಕ್ಕು ನೋಡಿ, ಆಮೇಲೆ ಬಾಲ, ಆಮೇಲೆ ಯಾವ ಹೂವಿಗೆ ಬಂತು ಅಂತ. ಬಾಗಿದ ಉದ್ದ ಕೊಕ್ಕು, ಕಂದು ಮೈ, ಬಾಲದ ನಡುವೆ ಉದ್ದ ಬಿಳಿ ಗರಿ, ಹೆಲಿಕೋನಿಯಾ ಹೂವಿಗೆ ಬಂತು ಅಂದ್ರೆ ಲಾಂಗ್ ಬಿಲ್ಡ್ ಹರ್ಮಿಟ್. ಕೆಂಪು ಕೊಕ್ಕು, ಇಟ್ಟಿಗೆ ಬಣ್ಣದ ಬಾಲ, ಬಂದವ್ರನ್ನೆಲ್ಲ ಅಟ್ಟಿಸ್ಕೊಂಡು ಹೋಗೋ ಜಗಳಗಂಟ ರೂಫಸ್ ಟೇಲ್ಡ್ ಹಮ್ಮಿಂಗ್‌ಬರ್ಡ್.

ನಾನು ಹೋಗಿದ್ದೇ ಸ್ನೋಕ್ಯಾಪ್ ಅನ್ನೋ ಪುಟ್ಟ ಹಮ್ಮಿಂಗ್‌ಬರ್ಡ್ ನೋಡೋಕೆ. ಸಕ್ಕರೆ ನೀರಿನ ಫೀಡರ್‌ಗೆ ಅದು ಬರೋದು ಅಪರೂಪ ಅಂತ ನಮ್ಮನ್ನ ಸ್ಟಾಕಿಟಾರ್ಫೆಟಾ ಪೊದೆ ಮುಂದೆ ನಿಲ್ಲಿಸಿದ್ರು, ನಮ್ಮ ಮಲೆನಾಡಿನ ರಸ್ತೆ ಪಕ್ಕದಲ್ಲೂ ಕಾಣತ್ತಲ್ಲ, ಉದ್ದ ಕಡ್ಡೀಲಿ ಪುಟ್ಟ ಪುಟ್ಟ ನೀಲಿ ಹೂವು, ಅದೇ ಕುಲದ ಗಿಡ. ನಲವತ್ತು ನಿಮಿಷ ಕಾದ್ವಿ. ದುಂಬಿ ಅನ್ಕೊಂಡಿದ್ದು ತಿರುಗಿ ನಿಂತಾಗ ನೇರಳೆ ಹಣ್ಣು ಹಿಚುಕಿದಂಥ ಬಣ್ಣದ ಮೈ, ನೆತ್ತಿ ಮೇಲೆ ಸುಣ್ಣ ಬಳಿದಂಗೆ ಅಚ್ಚ ಬಿಳಿ! ಬರೀ 6 ಸೆಂಟಿಮೀಟರ್ ಉದ್ದ, ತೂಕ ಒಂದ್ರೂಪಾಯಿ ನಾಣ್ಯಕ್ಕಿಂತ ಕಮ್ಮಿ. ನಾಲ್ಕೈದು ಹೂವು ಮುಗಿಸಿ ಒಣ ರೆಂಬೆ ತುದೀಲಿ ಕೂತು ನಾಲಿಗೆ ಹೊರಗೆ ಹಾಕ್ತು, ದಾರದ ಎಳೆ ಥರ. ನಂಗೆ ಕಣ್ಣಲ್ಲಿ ನೀರೇ ಬಂತು.

ರೆಕಾರ್ಡ್ ಮಾಡಿದ ಕೂಗು ಹಾಕಿ ಹಕ್ಕಿ ಕರೀಲಿಲ್ಲ, ಯಾರಿಗೂ ಫ್ಲ್ಯಾಶ್ ಹಾಕೋಕೆ ಬಿಡ್ಲಿಲ್ಲ, ಅದಕ್ಕೇ ಗೈಡ್ ಮೇಲೆ ಇನ್ನೂ ಗೌರವ. ಆದ್ರೆ ಒಂದು ಗುಂಪಿಗೆ ಎಂಟು ಜನ ಜಾಸ್ತಿನೇ ಆಯ್ತು, ಕಾಲುದಾರಿ ಕಿರಿದು, ಹಿಂದಿದ್ದವ್ರಿಗೆ ಹರ್ಮಿಟ್ ಕಾಣ್ಲೇ ಇಲ್ಲ. ಬಾಡಿಗೆಗೆ ಕೊಟ್ಟ ಬೈನಾಕ್ಯುಲರ್ ಒಳಗೆ ಫಂಗಸ್ ಹಿಡಿದಿತ್ತು. ನಿಮ್ದೇ 8×42 ಬೈನಾಕ್ಯುಲರ್ (ಎಂಟು ಪಟ್ಟು ದೊಡ್ಡದಾಗಿ ತೋರ್ಸೋ, 42 ಮಿ.ಮೀ. ಲೆನ್ಸಿಂದು) ತಗೊಂಡ್ಹೋಗಿ, ಎರಡು ಮೀಟರ್ ಹತ್ರಕ್ಕೂ ಫೋಕಸ್ ಆಗೋದಿರ್ಲಿ. ಮತ್ತೆ ಬೆಳಗಿನ ಮೊದಲ ಬ್ಯಾಚೇ ಕೇಳಿ, ಮಧ್ಯಾಹ್ನ ಆದ್ರೆ ಮಳೆ ಹಿಡ್ಕೊಳತ್ತೆ.