ಟೈಮಿಂಗ್ ಲೈಟ್ ಜೊತೆ ಮೂರು ವರ್ಷ: ಬೈದದ್ದು ಇದನ್ನು, ತಪ್ಪು ಡೆಲ್ಕೊದ್ದು

ತಂದ ಮೊದಲ ವಾರದಲ್ಲೇ ಬರೆದಿದ್ದರೆ ಈ ಟೈಮಿಂಗ್ ಲೈಟಿಗೆ, ಅಂದರೆ ಎಂಜಿನ್‌ನಲ್ಲಿ ಕಿಡಿ ಹಾರುವ ಹೊತ್ತನ್ನು ಮಿನುಗುವ ಬೆಳಕಿನಲ್ಲಿ ತೋರಿಸುವ ಸಾಧನಕ್ಕೆ, ಒಂದೇ ಸ್ಟಾರ್ ಕೊಡುತ್ತಿದ್ದೆ. ಆಗ ಬರೆಯದೇ ಇದ್ದದ್ದು ಒಳ್ಳೆಯದಾಯಿತು.

ನನ್ನದು 970 ಸಿಸಿಯ ಹಳೆಯ ಜಿಪ್ಸಿ. ಶಿರಸಿ ಹತ್ತಿರ ತೋಟ. ವಾರಕ್ಕೊಮ್ಮೆಯಾದರೂ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬರುತ್ತೇನೆ. ಇಳಿಯುವಾಗ ತೊಂದರೆ ಇಲ್ಲ. ಬರುವಾಗ ಹಿಂದೆ ಗೊಬ್ಬರದ ಚೀಲವೋ ಪಂಪಿನ ಸಾಮಾನೋ ಇರುತ್ತದೆ. ಸ್ವಲ್ಪ ಜಾಸ್ತಿ ಎಳೆಯಲಿ ಅಂತ ಹೆಡ್ ಫೇಸಿಂಗ್ ಮಾಡಿಸಿ, ಅಂದರೆ ಎಂಜಿನ್ ಹೆಡ್ಡಿನ ತಳ ಒಂಚೂರು ಕೆತ್ತಿಸಿ, ಕಂಪ್ರೆಷನ್ ಏರಿಸಿದೆ. ಕಾರ್ಬುರೇಟರಿಗೆ ದೊಡ್ಡ ಜೆಟ್ ಹಾಕಿಸಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಮೊದಲಿದ್ದ ಡಿಸ್ಟ್ರಿಬ್ಯೂಟರ್, ಅಂದರೆ ನಮ್ಮ ಗ್ಯಾರೇಜಿನವರು ಡೆಲ್ಕೊ ಅನ್ನುವುದು, ಸವೆದಿತ್ತು. ಹುಬ್ಬಳ್ಳಿಯ ಗುಜರಿಯಿಂದ ಇನ್ನೊಂದು ತಂದು ಕೂರಿಸಿದೆ. ಅಲ್ಲಿಂದ ಕಷ್ಟ ಶುರುವಾಯಿತು.

ಕತಗಾಲ ದಾಟಿ ಏರು ಹಿಡಿದು ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಸಾಕು, ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ನಾಕಿಂಗ್. ಆ ಶಬ್ದ ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಕಿಡಿ ಬೇಕಾದ್ದಕ್ಕಿಂತ ಮೊದಲೇ ಹಾರಿದರೆ ಪಿಸ್ಟನ್ ಮೇಲೆ ಬರುವಷ್ಟರಲ್ಲೇ ಒತ್ತಡ ಏರಿರುತ್ತದೆ. ಹಾಗೇ ಓಡಿಸುತ್ತಾ ಹೋದರೆ ಪಿಸ್ಟನ್ನೇ ತೂತು ಬೀಳಬಹುದು.

ನಮ್ಮ ಮೆಕ್ಯಾನಿಕ್ ಟೈಮಿಂಗನ್ನು ಕಿವಿಯಲ್ಲೇ ಇಡುವವರು. ಎಂಜಿನ್ ಓಡುತ್ತಿರುವಾಗಲೇ ಡೆಲ್ಕೊ ತಿರುಗಿಸುತ್ತಾ ಶಬ್ದ ಕೇಳಿ ಬಿಗಿ ಮಾಡುತ್ತಾರೆ. "ಹೆಗಡೇರೇ, ಈಗ ನೋಡಿ, ಗಡಿಯಾರದ ಹಾಗೆ ಓಡ್ತದೆ" ಅಂದರು. ಅಂಗಳದಲ್ಲಿ ಓಡಿದ್ದು ಹೌದು. ಘಟ್ಟದಲ್ಲಿ ಮತ್ತೆ ಅದೇ. ಕಿಡಿ ತಡವಾಗಿ ಹಾರುವ ಹಾಗೆ ಸ್ವಲ್ಪ ಹಿಂದೆ ಮಾಡಿಸಿದರೆ ನಾಕಿಂಗ್ ಹೋಯಿತು, ಜೊತೆಗೆ ಎಳೆತವೂ ಹೋಯಿತು. ಬಂಡಲ ಮುಟ್ಟುವಷ್ಟರಲ್ಲಿ ಹೀಟ್ ಮೀಟರ್ ಮೇಲೇರಿತ್ತು. ನಾಲ್ಕು ಸಲ ಗ್ಯಾರೇಜಿಗೆ ಹೋಗಿ ಬಂದ ಮೇಲೆ 2,600 ರೂಪಾಯಿ ಕೊಟ್ಟು ಈ ಲೈಟ್ ತರಿಸಿದೆ. ಹಿಂದೆ ಡಿಗ್ರಿ ತೋರಿಸುವ ಗುಂಡಿ ಇರುವ ಮಾದರಿ. ಉಳಿದ ವಿವರ ಡಬ್ಬಿ ಮೇಲೇ ಇದೆ, ಅದು ಬಿಡಿ.

ಮೊದಲ ಸಂಜೆಯೇ ಬೇಸರ. ಎಂಜಿನ್ ಹಿಂದಿನ ದೊಡ್ಡ ಚಕ್ರ, ಅಂದರೆ ಫ್ಲೈವೀಲ್, ಅದರ ಮೇಲಿನ ಗುರುತು ಒಂದು ಕಡೆ ನಿಲ್ಲಲೇ ಇಲ್ಲ. ಪಿಸ್ಟನ್ ತುದಿ ಮುಟ್ಟುವುದಕ್ಕಿಂತ ಎಷ್ಟು ಮೊದಲು ಕಿಡಿ ಹಾರುತ್ತದೆ ಅನ್ನುವ ಲೆಕ್ಕ ಐಡಲಿಂಗಿನಲ್ಲಿ ಒಮ್ಮೆ 8 ಡಿಗ್ರಿ, ಒಮ್ಮೆ 14. ಲೈಟೇ ಕೆಟ್ಟದ್ದು ಅಂತ ತೀರ್ಮಾನ ಮಾಡಿ ವಾಪಸ್ ಕಳಿಸಲು ಡಬ್ಬಿಗೆ ಹಾಕಿಟ್ಟೆ. ಪಕ್ಕದ ಮನೆಯವರ ಹಳೆಯ ಓಮ್ನಿ ಅವತ್ತು ನಮ್ಮ ಅಂಗಳದಲ್ಲೇ ಇತ್ತು. ನೋಡೋಣ ಅಂತ ಸೀಟ್ ಎತ್ತಿ ಅದಕ್ಕೆ ಹಾಕಿದೆ. ಗುರುತು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು! ಅಂದರೆ ಕುಣಿಯುತ್ತಿದ್ದದ್ದು ಲೈಟ್ ಅಲ್ಲ, ನನ್ನ ಎಂಜಿನ್.

ಮತ್ತೆ ಜಿಪ್ಸಿಗೆ ಬಂದೆ. ವ್ಯಾಕ್ಯೂಮ್ ಪೈಪ್ ತೆಗೆದು ಅದರ ಬಾಯಿಗೆ ಪೆನ್ಸಿಲ್ ತುಂಡು ತುರುಕಿ ನಿಧಾನವಾಗಿ ರೇಸ್ ಮಾಡಿದೆ. 1,500 ಆರ್‌ಪಿಎಂಗೇ 28 ಡಿಗ್ರಿ. 3,000ಕ್ಕೆ ಹೋದರೂ 30 ದಾಟಲಿಲ್ಲ. ವೇಗ ಏರಿದ ಹಾಗೆ ನಿಧಾನವಾಗಿ ಬರಬೇಕಾದ ಅಡ್ವಾನ್ಸ್, ಅಂದರೆ ಕಿಡಿ ಮುಂಚೆ ಹಾರುವುದು, ಎಲ್ಲಾ ಶುರುವಿನಲ್ಲೇ ಬಂದುಬಿಡುತ್ತಿತ್ತು. ಡೆಲ್ಕೊ ಬಿಚ್ಚಿ ಪ್ಲೇಟ್ ಕೆಳಗೆ ನೋಡಿದರೆ, ವೇಗ ಏರಿದ ಹಾಗೆ ಹೊರಚಾಚಿ ಅಡ್ವಾನ್ಸ್ ಕೊಡುವ ಎರಡು ಲೋಹದ ತೂಕಗಳನ್ನು ಹಿಡಿದಿಡುವ ಎರಡು ಸಣ್ಣ ಸ್ಪ್ರಿಂಗ್‌ಗಳಲ್ಲಿ ಒಂದರ ಕೊಕ್ಕೆ ಮುರಿದು ಜೋತಾಡುತ್ತಿತ್ತು. ಭತ್ತದ ಕಾಳಿನಷ್ಟು ಉದ್ದದ ತುಂಡು. ಇದನ್ನು ಯಾವ ಕಿವಿ ಹಿಡಿಯುತ್ತದೆ ಹೇಳಿ? ಘಟ್ಟದಲ್ಲಿ ಭಾರ ಹೊತ್ತು ಕಡಿಮೆ ಸ್ಪೀಡಿನಲ್ಲಿ ಎಳೆಯುವಾಗ ಪೂರ್ತಿ ಅಡ್ವಾನ್ಸ್ ಸಿಕ್ಕರೆ, ಅದರ ಮೇಲೆ ಕಂಪ್ರೆಷನ್ ಬೇರೆ ಏರಿಸಿದ್ದರೆ, ನಾಕ್ ಆಗದೆ ಇನ್ನೇನು? ಹಳೆಯ ಡೆಲ್ಕೊದ ಸ್ಪ್ರಿಂಗ್ ಚೆನ್ನಾಗಿತ್ತು, ಅದನ್ನೇ ಹಾಕಿದೆ. ಈಗ ಐಡಲಿಂಗಿನಲ್ಲಿ 10 ಡಿಗ್ರಿ, ಅಲ್ಲಾಡುವುದಿಲ್ಲ.

ಹೆಡ್ ಫೇಸಿಂಗ್ ಮಾಡಿಸಿದವರಿಗೆ ಒಂದು ಮಾತು. ಈ ಎಂಜಿನ್‌ನಲ್ಲಿ ವಾಲ್ವ್ ತೆರೆಯುವ ದಂಡ, ಅಂದರೆ ಕ್ಯಾಮ್, ಮೇಲಿದೆ, ಬೆಲ್ಟ್ ಅದನ್ನು ತಿರುಗಿಸುತ್ತದೆ, ಡೆಲ್ಕೊ ಕ್ಯಾಮ್‌ನಿಂದ ಓಡುತ್ತದೆ. ಹೆಡ್ ತೆಳುವಾದರೆ ಕ್ಯಾಮ್ ಒಂಚೂರು ಕೆಳಗೆ ಬಂದು ಅದರ ಟೈಮಿಂಗ್ ಹಿಂದೆ ಬೀಳುತ್ತದೆ, ಜೊತೆಗೆ ಕಿಡಿಯೂ ಹಿಂದೆ ಬೀಳುತ್ತದೆ. ಡೆಲ್ಕೊ ಮೊದಲಿದ್ದ ಗೀರಿಗೇ ಕೂರಿಸಿ ಸರಿಯಾಯಿತು ಅಂದುಕೊಳ್ಳಬೇಡಿ.

ಈಗ ತಿಂಗಳಿಗೊಮ್ಮೆ ಚೆಕ್ ಮಾಡುವುದು ರೂಢಿ ಆಗಿದೆ. ಹಾಲು ಡೈರಿಗೆ ಕೊಟ್ಟು ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ, ಕತ್ತಲೂ ಕವಿದಿರುತ್ತದೆ. ಮಬ್ಬಿನಲ್ಲೇ ಬೆಳಕು ಚೆನ್ನಾಗಿ ಕಾಣುವುದು. ಬಾನೆಟ್ ಎತ್ತಿ, ಫ್ಲೈವೀಲ್ ಮುಚ್ಚಿರುವ ಹೌಸಿಂಗ್ ಮೇಲಿನ ರಬ್ಬರ್ ಬಿರಡೆ ಕಿತ್ತು ಮಡಚಿದ ಬಟ್ಟೆಯಲ್ಲಿ ಇಡುತ್ತೇನೆ. ಫ್ಲೈವೀಲ್ ಗುರುತಿಗೆ ಮಗಳ ಬಿಳಿ ಉಗುರುಬಣ್ಣ ಹಚ್ಚಿದ್ದೇನೆ, ವರ್ಷಕ್ಕೊಮ್ಮೆ ಹಚ್ಚಿದರೆ ಸಾಕು. ಬ್ಯಾಟರಿಗೆ ಎರಡು ಕ್ಲಿಪ್, ಒಂದನೇ ಪ್ಲಗ್ಗಿನ ವೈರಿಗೆ ಕ್ಲಾಂಪ್. ಕ್ಲಾಂಪಿನ ಬಾಣ ಪ್ಲಗ್ ಕಡೆಗೇ ಇರಬೇಕು. ಗುಂಡಿ ಒತ್ತಿದ ಕೂಡಲೇ ಕಪ್ಪು ತೂತಿನೊಳಗೆ ಆ ಬಿಳಿ ಗೆರೆ ಸುಮ್ನೆ ನಿಂತಿರುತ್ತದೆ. ಅಷ್ಟು ಜೋರಾಗಿ ತಿರುಗುವ ವಸ್ತು ಕಣ್ಣ ಮುಂದೆ ನಿಂತದ್ದು ನೋಡುವ ಖುಷಿ ಮೂರು ವರ್ಷವಾದರೂ ಕಡಿಮೆಯಾಗಿಲ್ಲ. ಹೊಸದಾಗಿ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಇದೇ ಬೆಳಕಿನಲ್ಲಿ ಫ್ಯಾನ್ ಕೂಡ ನಿಂತ ಹಾಗೆ, ಇಲ್ಲಾ ನಿಧಾನ ತಿರುಗಿದ ಹಾಗೆ ಕಾಣುತ್ತದೆ. ಕೈ, ಪಂಚೆ, ವೈರ್ ಯಾವುದೂ ಅದರ ಹತ್ತಿರ ಹೋಗಬಾರದು.

ನಿಜವಾದ ದೋಷ ಒಂದೇ, ಆ ಕ್ಲಾಂಪ್. ಕಳೆದ ಮಳೆಗಾಲ ಕುಮಟಾದ ಬಾವನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಲೈಟ್ ಜಿಪ್ಸಿಯಲ್ಲೇ ಉಳಿದಿತ್ತು. ಉಪ್ಪುಗಾಳಿ, ತೇವ. ಆಮೇಲೆ ನೋಡಿದರೆ ಬೆಳಕು ತಪ್ಪಿ ತಪ್ಪಿ ಬರುತ್ತಿತ್ತು. ಕ್ಲಾಂಪಿನ ಒಳಗೆ ಎರಡು ಕಪ್ಪು ತುಂಡುಗಳ ಮುಖ ಒಂದಕ್ಕೊಂದು ಸರಿಯಾಗಿ ಕೂರಬೇಕು, ನಡುವೆ ಕೊಳೆ ಸೇರಿದರೆ ಸಿಗ್ನಲ್ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿದ ಮೇಲೆ ಸರಿಯಾಯಿತು. ಆದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಸಡಿಲವಾಗಿದೆ. ಈಗ ರಬ್ಬರ್ ಬ್ಯಾಂಡ್ ಸುತ್ತಿ ಬಳಸುತ್ತಿದ್ದೇನೆ. ವೈರೂ ಗಿಡ್ಡ, ಬ್ಯಾಟರಿಯಿಂದ ಹಿಂದಿನ ಕಿಂಡಿಗೆ ಎಳೆದು ಎಳೆದು ಹಿಡಿಯಬೇಕು. ಒಮ್ಮೆ ಸೈಲೆನ್ಸರ್ ಪೈಪಿಗೆ ತಾಗಿ ಮೇಲಿನ ಪ್ಲಾಸ್ಟಿಕ್ ಕರಗಿದೆ.

ನಿಮ್ಮದು ಡೆಲ್ಕೊ ಇರುವ ಹಳೆಯ ಗಾಡಿಯಾದರೆ, ಅದರಲ್ಲೂ ಎಂಜಿನ್‌ಗೆ ಏನಾದರೂ ಮಾಡಿಸಿದ್ದರೆ, ಧೈರ್ಯವಾಗಿ ತಗೊಳ್ಳಿ. ಟೈಮಿಂಗನ್ನು ಕಂಪ್ಯೂಟರೇ ನೋಡಿಕೊಳ್ಳುವ ಹೊಸ ಕಾರಿಗೆ ಈ ದುಡ್ಡು ಹಾಕಬೇಡಿ, ಅಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ನಾನು ನಾಲ್ಕು ಸ್ಟಾರ್ ಕೊಡುತ್ತೇನೆ. ಮಾರಿದವರನ್ನು ಕ್ಲಾಂಪ್ ಒಂದೇ ಬಿಡಿಯಾಗಿ ಸಿಗುತ್ತದಾ ಅಂತ ಎರಡು ಸಲ ಕೇಳಿದೆ. ಇಲ್ಲ ಅಂದರು. ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ, ಇವತ್ತೇ ತರಿಸುತ್ತೇನೆ.