ಕಲಬುರಗಿಯ ಎರಿಮಣ್ಣಿಗೆ ಇಕ್ಸೋರಾ ತರುವ ಮುಂಚೆ ನಿಂಬೆಹಣ್ಣು ಹಿಂಡಿ ನೋಡಿ

ಮೊದಲ ಮಳೆ ಬಿದ್ದದ್ದೇ ತಡ, ಗಿಡದ ಗಾಡಿಗಳು ಓಣಿ ಓಣಿ ಸುತ್ತುತ್ತವೆ. ಕಲಬುರಗಿಯ ಹೊಸ ಬಡಾವಣೆಯೊಂದರ ಅಂಗಳಕ್ಕೆ ಹೋದ ಜೂನ್‌ನಲ್ಲಿ ಹಾಗೆ ಬಂದದ್ದು ಹದಿನೆಂಟು ಗಿಡ: ಹತ್ತು ಇಕ್ಸೋರಾ (ಕೇಪಳ), ನಾಲ್ಕು ಗಂಧರಾಜ, ಎರಡು ಕ್ರೋಟನ್, ಒಂದು ಹಲಸು, ಒಂದು ಹೈಡ್ರೇಂಜಿಯಾ. ಮೇ ಹೊತ್ತಿಗೆ ಉಳಿದದ್ದು ನೆರಳಿನ ಮೂಲೆಯ ಕ್ರೋಟನ್ ಎರಡೇ. ನೀರು, ಗೊಬ್ಬರ, ಔಷಧಿ ಯಾವುದಕ್ಕೂ ಕಮ್ಮಿ ಮಾಡಿರಲಿಲ್ಲ.

ಗಂಧರಾಜ ಸತ್ತದ್ದು ಆಗಸ್ಟ್‌ನಲ್ಲೇ. ಎರಡಡಿ ಗುಂಡಿ ತೋಡಿ ಕೆಮ್ಮಣ್ಣು, ಸಗಣಿ ಗೊಬ್ಬರ ತುಂಬಿ ನೆಟ್ಟಿದ್ದರು. ಎಲ್ಲ ಮಾಲಿಗಳೂ ಹೇಳುವ ಪದ್ಧತಿ ಅದು, ಎರಿಮಣ್ಣಿನಲ್ಲಿ ಮಾತ್ರ ಅದೇ ಕುತ್ತು. ಹಸಿ ಎರಿಯನ್ನು ಸಲಿಕೆಯಿಂದ ಕಡಿದರೆ ಗುಂಡಿಯ ಗೋಡೆ ಗಾರೆ ಮಾಡಿದಂತೆ ನುಣ್ಣಗಾಗುತ್ತದೆ. ಸುತ್ತಲಿನ ಮಳೆನೀರು ಸಡಿಲ ಕೆಮ್ಮಣ್ಣಿಗೆ ಇಳಿಯುತ್ತದೆ, ಹೊರಹೋಗಲು ದಾರಿಯಿಲ್ಲ. ತೂತಿಲ್ಲದ ಹಂಡೆಯಲ್ಲಿ ಗಿಡ ನೆಟ್ಟ ಹಾಗೆ. ಕಿತ್ತು ನೋಡಿದಾಗ ಬೇರಿಗೆ ಮೋರಿಯ ವಾಸನೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ತೊಗಟೆ ಕಾಲುಚೀಲದಂತೆ ಕಳಚಿ ಬಂತು, ಒಳಗೆ ದಾರದಷ್ಟು ನಾರು ಉಳಿದಿತ್ತು.

ಇಕ್ಸೋರಾ ನಿಧಾನಕ್ಕೆ ಹೋಯಿತು. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಇದು ಕಬ್ಬಿಣದ ಕೊರತೆ. ಸಾರಜನಕ ಕಮ್ಮಿಯಾದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಇಲ್ಲಿ ಆ ವ್ಯತ್ಯಾಸ ನೋಡದೆ ಯೂರಿಯಾ ಕೊಟ್ಟರು. ಇನ್ನಷ್ಟು ಚಿಗುರು ಬಂತು, ಅದೂ ಹಳದಿ. ಎರಿಯಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣ ಹೆಚ್ಚಿರುವುದರಿಂದ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 8ರಿಂದ 8.5ರ ಆಸುಪಾಸು ಇರುತ್ತದೆ, ಆಗ ಕಬ್ಬಿಣ ಕರಗದೆ ಬೇರಿಗೆ ದಕ್ಕುವುದಿಲ್ಲ. ಮನೆ ಕಟ್ಟಿದವರು ಅಂಗಳದಲ್ಲೇ ಹೂತ ಸಿಮೆಂಟು, ಸುಣ್ಣದಕಲ್ಲೇ ಆದ ಶಹಾಬಾದ್ ಪರಸಿಯ ಚೂರು ಅದಕ್ಕೆ ಒಗ್ಗರಣೆ.

ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟನ್ನು ಇಂಥ ಮಣ್ಣಿಗೆ ಸುರಿದರೆ ತುಕ್ಕಾಗಿ ಕೂರುತ್ತದೆ. ಲೀಟರಿಗೆ 5 ಗ್ರಾಂ, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿದರೆ ಹಸಿರಾಗುತ್ತದೆ, ಆದರೆ ಮುಂದಿನ ಚಿಗುರು ಮತ್ತೆ ಹಳದಿ. ಮಣ್ಣಿಗೇ ಕೊಡುವುದಾದರೆ ತುಕ್ಕಾಗದೆ ಕರಗಿದಂತೆಯೇ ಉಳಿಯುವ ಇಡಿಡಿಎಚ್‌ಎ ರೂಪದ ಕಬ್ಬಿಣ ಕೇಳಿ. ಅಗ್ಗದ ಇಡಿಟಿಎ ರೂಪದ್ದು ಈ ಪಿಎಚ್‌ನಲ್ಲಿ ನಿಲ್ಲುವುದಿಲ್ಲ. ಗಂಧಕ ಹಾಕಿ ಮಣ್ಣನ್ನೇ ಬದಲಿಸುತ್ತೇನೆ ಎನ್ನುವವರು ಲೆಕ್ಕ ಹಾಕಲಿ: ಒಂದು ಘನ ಮೀಟರ್ ಮಣ್ಣು ಸುಮಾರು 1,300 ಕೆ.ಜಿ. ನೂರಕ್ಕೆ ಐದು ಸುಣ್ಣವಿದ್ದರೆ 65 ಕೆ.ಜಿ. ಅಷ್ಟನ್ನು ಕರಗಿಸಲು ಸುಮಾರು 21 ಕೆ.ಜಿ. ಗಂಧಕ ಬೇಕು. ಒಂದು ಗಿಡದ ಬುಡಕ್ಕೆ!

ಹಾಗಾದರೆ ಕುಂಡ? ಬೋರ್‌ವೆಲ್ ನೀರೇ ಗಡಸು, ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರಂತೂ ಇನ್ನೂ ಉಪ್ಪು, ಉಳಿತಾಯವೆಂದು ಅದನ್ನು ಗಿಡಕ್ಕೆ ಸುರಿಯಬೇಡಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಒಂದೆರಡು ಕುಂಡಕ್ಕೆ ಅದು ಸಾಕು.

ಹಲಸನ್ನು ಕೊಂದದ್ದು ಬೇಸಿಗೆ. 42–43 ಡಿಗ್ರಿಯಲ್ಲಿ ಎರಿ ಬಿರಿದು ಬಿರುಕಿನಲ್ಲಿ ಕೈ ತೂರುವಷ್ಟಾಗುತ್ತದೆ, ಎಳೆ ಬೇರು ಹರಿಯುತ್ತದೆ.

ಮೋಸ ಹೋಗುವುದು ಬೀದರಿನ ನೆಂಟರ ಮನೆ ಇಕ್ಸೋರಾ ನೋಡಿ. ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ, ಕೋಟೆಯ ಕಂದಕ ಕೊರೆದದ್ದೂ ಅದರಲ್ಲೇ. ನೀರು ಬಸಿಯುತ್ತದೆ, ಸುಣ್ಣದ ಕಾಟವಿಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ನೀರಿನ ಭಾಗದಲ್ಲಿ ಇದರ ಜೊತೆಗೆ ಸವಳು (ಮಣ್ಣಿನಲ್ಲಿ ಉಪ್ಪು) ಕೂಡ ಇರಬಹುದು. ಅಲ್ಲಿ ಮಣ್ಣು ಪರೀಕ್ಷೆ ಆಗದೆ ಸವಳು ಸರಿಮಾಡಲೆಂದು ಜಿಪ್ಸಂ ತರಬೇಡಿ.

ಕೊಳ್ಳುವ ಮುಂಚೆ ಎರಡು ಪರೀಕ್ಷೆ ಮಾಡಿ. ಒಂದಡಿ ಆಳದ ಒಣಮಣ್ಣು ಒಂದು ಚಮಚ ತೆಗೆದು ನಿಂಬೆರಸ ಹಿಂಡಿ. ಕಿವಿಗೆ ಹಿಡಿದಾಗ ಚುರುಚುರು ಅಂದರೆ, ಗುಳ್ಳೆ ಎದ್ದರೆ ಸುಣ್ಣವಿದೆ. ಇಕ್ಸೋರಾ, ಗಂಧರಾಜ, ಹೈಡ್ರೇಂಜಿಯಾ ಕೈಬಿಡಿ. ಆಮೇಲೆ ಒಂದಡಿ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ. ಮರುದಿನವೂ ನೀರು ನಿಂತಿದ್ದರೆ ಗುಂಡಿಯಲ್ಲಿ ಏನನ್ನೂ ನೆಡಬೇಡಿ.

ಅಲ್ಲಿ ಬೇಕಾದದ್ದು ದಿಬ್ಬ. ಒಂದೂವರೆ ಅಡಿ ಎತ್ತರ, ಮೂರಡಿ ಅಗಲ. ಅಂಗಳದ ಎರಿಯನ್ನೇ ಏರಿಸಿ, ಮೂರಕ್ಕೆ ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಗಿಡದ ಪ್ಲಾಸ್ಟಿಕ್ ಚೀಲ ಬಿಚ್ಚಿದಾಗ ಬೇರಿನ ಸುತ್ತ ಇಟ್ಟಿಗೆಯಂಥ ಕೆಮ್ಮಣ್ಣಿನ ಉಂಡೆ ಇದ್ದರೆ ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ ಹೊರಪದರ ಉದುರಿಸಿ. ಇಲ್ಲವಾದರೆ ಬೇರು ಆ ಉಂಡೆ ಬಿಟ್ಟು ಹೊರಬರುವುದಿಲ್ಲ. ಮೇಲೆ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು ಹಾಸಿ, ಬಿರುಕು ತಡೆಯುತ್ತದೆ.

ಇಲ್ಲಿ ಬಾಳುವ ಗಿಡಗಳಿಗೇನೂ ಬರವಿಲ್ಲ: ಕಾಗದದ ಹೂ, ದೇವಕಣಗಿಲೆ, ಹಳದಿ ಟೆಕೋಮಾ, ಬಿಲ್ವಪತ್ರಿ, ಬಾರೆ, ಹೊಂಗೆ, ಬೇವು. ದಾಳಿಂಬೆ, ಸೀತಾಫಲ, ನುಗ್ಗೆ ದಿಬ್ಬದ ಮೇಲಾದರೆ ಮಾತ್ರ. ಹೊಂಗೆ, ಬೇವನ್ನು ಗೋಡೆಯಿಂದ 20 ಅಡಿಯಾದರೂ ದೂರ ಇಡಿ. ಬೇರು ತೇವ ಹೀರಿದರೆ ಎರಿ ಕುಗ್ಗಿ ಅಡಿಪಾಯ ಕದಲುತ್ತದೆ. ಕಣಗಿಲೆಯೂ (ದೇವಕಣಗಿಲೆಯಲ್ಲ, ಅದು ಬೇರೆ ಗಿಡ) ಜಗ್ಗದ ಗಿಡವೇ, ಆದರೆ ಎಲೆಯಿಂದ ಬೇರಿನವರೆಗೆ ವಿಷ. ಮಕ್ಕಳು, ದನಕರು ಇರುವ ಮನೆಗೆ ಬೇಡ. ಕತ್ತರಿಸಿದ ರೆಂಬೆಯನ್ನು ಒಲೆಗೂ ಇಡಬೇಡಿ, ಹೊಗೆಯೂ ವಿಷವೇ.