ಉಡುಪಿಯಲ್ಲಿ 3 ಕಿಲೋವಾಟ್ ಸೋಲಾರ್: ಎರಡು ಮಳೆಗಾಲ ಕಳೆದ ಮೇಲೆ

"ಈ ಮಳೆಯ ಊರಿಗೆ ಸೋಲಾರ್ ಎಂತಕ್ಕೆ ಮಾರಾಯ್ರೆ?" ಅಂತ ಕೇಳದವರೇ ಇಲ್ಲ. 2024ರ ಏಪ್ರಿಲ್ ಕೊನೆಗೆ ಹಾಕಿಸಿದ್ದು, ಈಗ ಎರಡು ಮಳೆಗಾಲ ದಾಟಿದೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ನಮಗೆ ಜಾಸ್ತಿ ಕಾಟ ಕೊಟ್ಟದ್ದು ಮಳೆ ಅಲ್ಲ, ನೆರಳು.

ಮನೆ ಮಲ್ಪೆಯಿಂದ ನಾಲ್ಕು ಕಿಲೋಮೀಟರ್ ದೂರ. ಟಾರಸಿ ಮೇಲೆ 540 ವಾಟ್‌ನ ಆರು ಪ್ಯಾನೆಲ್, ನೆಟ್ ಮೀಟರ್ (ಲೈನಿಗೆ ಕೊಟ್ಟದ್ದನ್ನೂ ಲೈನಿನಿಂದ ತೆಗೆದುಕೊಂಡದ್ದನ್ನೂ ಎರಡನ್ನೂ ಅಳೆಯುವ ಮೀಟರ್), ಬ್ಯಾಟರಿ ಇಲ್ಲ. ಖರ್ಚು 1,95,000 ರೂಪಾಯಿ, ಅದರಲ್ಲಿ ಪಿಎಂ ಸೂರ್ಯಘರ್ ಯೋಜನೆಯ 78,000 ಆಮೇಲೆ ಖಾತೆಗೆ ಬಂತು. ಗೃಹಜ್ಯೋತಿ ಇರುವಾಗ ಇದು ಬೇಕಾ ಅಂತ ಭಾವ ಕೇಳಿದ್ದರು. ನಮ್ಮಲ್ಲಿ ತಿಂಗಳಿಗೆ 300 ಯೂನಿಟ್ ದಾಟುತ್ತದೆ, 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು, ಅಲ್ವಾ? ನಿಮ್ಮದು 200ರ ಒಳಗಿದ್ದರೆ ಅವಸರ ಮಾಡಬೇಡಿ.

ಫೆಬ್ರವರಿಯಲ್ಲಿ ದಿನಕ್ಕೆ 13-14 ಯೂನಿಟ್ ಬರುತ್ತದೆ. ಮೇ ತಿಂಗಳಲ್ಲಿ ಇನ್ನೂ ಜಾಸ್ತಿ ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಕಾದಷ್ಟೂ ಅದರ ಕರೆಂಟ್ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ನೀರು ಕಾಯಿಸುವ ಸೋಲಾರ್‌ಗೆ ಮಾತ್ರ ಬಿಸಿಯೇ ಬೇಕು, ಅವೆರಡನ್ನೂ ಒಂದೇ ಅಂತ ತಿಳಿಯಬೇಡಿ. ಜುಲೈನಲ್ಲಿ ಸರಾಸರಿ 5 ಯೂನಿಟ್, ಆಟಿಯ ಜಡಿಮಳೆ ಹಿಡಿದ ಒಂದು ದಿನ ಒಂದೂವರೆ ಮಾತ್ರ. ಆದರೂ ವರ್ಷದ ಲೆಕ್ಕ ತೆಗೆದರೆ 3,900ರ ಹತ್ತಿರ ಬಂದಿದೆ. ಜುಲೈ ನೋಡಿ ತೀರ್ಮಾನ ಮಾಡಿದರೆ ತಪ್ಪುತ್ತೀರಿ.

ಇನ್ನು ನೆರಳಿನ ವಿಷಯ. ಹಾಕಿದವರು ಜಾಗ ನೋಡಲು ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಟಾರಸಿ ಇಡೀ ಬಿಸಿಲು. ಮಧ್ಯಾಹ್ನ ಮೂರೂವರೆಗೆ ಪಡುವಣ ಬದಿಯ ತೆಂಗಿನಮರದ ತಲೆಯ ನೆರಳು ಎರಡು ಪ್ಯಾನೆಲ್ ಮೇಲೆ ಬಂದು ಕೂರುತ್ತದೆ ಅಂತ ಅವರೂ ನೋಡಲಿಲ್ಲ, ನಾವೂ ಹೇಳಲಿಲ್ಲ. ನಾನು ಒಂದು ದಿನ ಫೋನ್ ಹಿಡಿದು ಅಲ್ಲೇ ನಿಂತು ನೋಡಿದೆ. 1,500 ವಾಟ್ ತೋರಿಸುತ್ತಿದ್ದದ್ದು ಸಾವಿರಕ್ಕೆ ಬಿತ್ತು. ಗಾಳಿಗೆ ಮಡಲು ಆಚೆ ಹೋದರೆ ಏರುತ್ತದೆ, ಈಚೆ ಬಂದರೆ ಇಳಿಯುತ್ತದೆ. ಪ್ಯಾನೆಲ್‌ಗಳೆಲ್ಲ ಒಂದರ ಹಿಂದೆ ಒಂದು ಸರಪಳಿಯ ಹಾಗೆ ಸೇರಿರುವುದರಿಂದ ಒಂದು ಮೂಲೆಗೆ ಬಿದ್ದ ನೆರಳೂ ಆ ಮೂಲೆಗಿಂತ ದೊಡ್ಡ ನಷ್ಟ ಮಾಡುತ್ತದೆ. ಮರ ಕಡಿಯಿರಿ ಅಂದರು. ಅತ್ತೆ ಒಪ್ಪಲಿಲ್ಲ, ಅವರು ನೆಟ್ಟು ನೀರು ಹೊಯ್ದ ಮರ, ನನಗೂ ಮನಸ್ಸಿರಲಿಲ್ಲ. ಕೊನೆಗೆ ಸ್ಟ್ಯಾಂಡನ್ನೇ ಮೂಡು ಬದಿಗೆ ಸರಿಸಿದೆವು, 9,000 ರೂಪಾಯಿ ಹೆಚ್ಚಿಗೆ ಹೋಯಿತು. ಹಾಗಾಗಿ ಹಾಕಿಸುವ ಮೊದಲು ಬೆಳಿಗ್ಗೆ ಒಂಬತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಟಾರಸಿ ಹತ್ತಿ ನೋಡಿ. ಸಾಧ್ಯವಾದರೆ ಡಿಸೆಂಬರ್‌ನಲ್ಲಿ ನೋಡಿ, ಆಗ ಸೂರ್ಯ ತೆಂಕಿಗೆ ವಾಲಿ ನೆರಳು ಉದ್ದ ಬೀಳುತ್ತದೆ.

ಕರೆಂಟ್ ಹೋದರೆ ಇದೂ ನಿಲ್ಲುತ್ತದೆ. ಬಿರು ಬಿಸಿಲಿದ್ದರೂ ಫ್ಯಾನ್ ತಿರುಗುವುದಿಲ್ಲ. ತಂತಿ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ಟಾರಸಿಯಿಂದ ಶಾಕ್ ಹೊಡೆಯಬಾರದು, ಅದಕ್ಕೇ ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಹಾಗೆ ಮಾಡಿ ಕೊಡುವ ಸೋಲಾರ್ ಇನ್ವರ್ಟರ್ ತಾನಾಗಿ ಬಂದ್ ಆಗುತ್ತದೆ. ಕಾರಣ ಸರಿಯಾದದ್ದೇ, ಆದರೆ ನಮಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮರ ಬಿದ್ದು ಲೈನ್ ಹೋಗುವ ಊರಲ್ಲಿ ಇದ್ದರೆ ಹಳೆ ಬ್ಯಾಟರಿ ಇನ್ವರ್ಟರನ್ನು ಮಾರಬೇಡಿ.

ಬಾವಿ ಪಂಪು, ವಾಷಿಂಗ್ ಮೆಷಿನ್, ಗ್ರೈಂಡರ್ ಎಲ್ಲ ಈಗ ಹಗಲಿಗೇ ಹಾಕುತ್ತೇವೆ. ಉಳಿದದ್ದು ಲೈನಿಗೆ ಹೋಗುತ್ತದೆ, ಆದರೆ ಲೈನಿನಿಂದ ತೆಗೆದುಕೊಂಡದ್ದಕ್ಕಿಂತ ಹೆಚ್ಚಿಗೆ ಕೊಟ್ಟ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ. ಹಾಗಾಗಿ ಅಗತ್ಯಕ್ಕಿಂತ ದೊಡ್ಡದು ಹಾಕಿಸಿ ಸುಮ್ನೆ ದುಡ್ಡು ಸುರಿಯಬೇಡಿ.

ತೊಳೆಯುವುದು ಕಷ್ಟವಿಲ್ಲ. ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ, ಕೆಳಗಿನ ಅಂಚಿನಲ್ಲಿ ನೀರು ನಿಂತು ಪಾಚಿ ಕಟ್ಟಿದ್ದನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಕಡಲ ಗಾಳಿಯದ್ದೇ ಚಿಂತೆ. ಪ್ಯಾನೆಲ್‌ನ ಅಲ್ಯುಮಿನಿಯಂ ಫ್ರೇಮ್ ಹೊಸದರ ಹಾಗೇ ಇದೆ, ಆದರೆ ಸ್ಟ್ಯಾಂಡಿನ ಬೋಲ್ಟುಗಳ ತಲೆ ಎರಡನೇ ವರ್ಷಕ್ಕೇ ಕೆಂಪಾಗಿ ಮುಟ್ಟಿದರೆ ಪುಡಿ ಉದುರುತ್ತಿದೆ. ನೀವು ಹಾಕಿಸುವಾಗ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟೇ ಬೇಕು ಅಂತ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ನಮ್ಮದನ್ನು ಮುಂದಿನ ಮಳೆಗೆ ಮೊದಲು ಒಂದೊಂದಾಗಿ ಬದಲಿಸಬೇಕು, ಇಪ್ಪತ್ತನಾಲ್ಕು ಇವೆ.